ಮಾದಪ್ಪನ ಪಟಕ್ಕೆ ಯಾವ ಡೈರೆಕ್ಟರಿ

ನನ್ನ ಕೆಲಸ ಏನೆಂದು ಕೊಳ್ಳೇಗಾಲದಲ್ಲಿ ಯಾರಾದರೂ ಕೇಳಿದರೆ ‘ಕಂಪ್ಯೂಟರ್ ಅಂಗಡಿ’ ಎಂದು ಹೇಳಿ ಸುಮ್ಮನಾಗುತ್ತೇನೆ. ಅದು ಸುಳ್ಳಲ್ಲ. ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಕೋಣೆ, ಅದರಲ್ಲಿ ಕೆಲವು ಹಳೇ ಮಾನಿಟರು, ಒಂದು ಪ್ರಿಂಟರು, ನಾನು. ಜೆರಾಕ್ಸ್ ಇದೆಯಾ ಎಂದು ಮೆಟ್ಟಿಲು ಹತ್ತಿ ಬಂದವರು, ಇಲ್ಲ ಎಂದಾಗ ನನ್ನನ್ನು ನೋಡುವ ನೋಟಕ್ಕೆ ಒಗ್ಗಿಹೋಗಿದ್ದೇನೆ. ಆದರೆ ನಿಜವಾಗಿ ನನ್ನ ತಲೆ ತಿನ್ನುತ್ತಿದ್ದ ಪ್ರಶ್ನೆ ಬೇರೆ. ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಪ್ರೋಗ್ರಾಮನ್ನು ಪ್ಯಾಕೇಜ್ ಮಾಡುವಾಗ ಯಾವ ಫೈಲನ್ನು ಯಾವ ಡೈರೆಕ್ಟರಿಗೆ, ಅಂದರೆ ಯಾವ ಫೋಲ್ಡರಿಗೆ, ಹಾಕಬೇಕು? ಇದನ್ನು ಮನೆಯಲ್ಲಿ ಹೇಳಿದರೆ, ‘ಎಲ್ಲಾದರೂ ಹಾಕಿ, ಮೊದಲು ಊಟಕ್ಕೆ ಏಳಿ’ ಎನ್ನುತ್ತಾರೆ. ಊರಿನ ಅಭಿಪ್ರಾಯವೂ ಹೆಚ್ಚುಕಡಿಮೆ ಅದೇ.

ಒಂದು ರೈತರ ಸಂಘಕ್ಕೆ ನಾನು ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಸಂಘಕ್ಕೆ ಮೂರು ಕಚೇರಿ: ಕೊಳ್ಳೇಗಾಲದಲ್ಲಿ ಒಂದು, ಯಳಂದೂರಿನಲ್ಲಿ ಒಂದು, ಹನೂರಿನಲ್ಲಿ ಒಂದು. ರೈತರು ಮುಸುಕಿನ ಜೋಳವನ್ನೋ ಅರಿಶಿನವನ್ನೋ ತಂದು ತೂಕಕ್ಕೆ ಹಾಕಿದರೆ ಆ ತೂಕವನ್ನು ಬ್ರೌಸರಿನಲ್ಲಿ ತುಂಬಿ ಒಂದು ಚೀಟಿ ಮುದ್ರಿಸಿ ಕೊಡಬೇಕು. ಅಷ್ಟೇ ಅದರ ಕೆಲಸ. ಮೊದಮೊದಲು ಅದನ್ನು ಪೆನ್‌ಡ್ರೈವಿನಲ್ಲಿ ಜೇಬಿಗೆ ಹಾಕಿಕೊಂಡು, ಬಸ್ಸು ಹತ್ತಿ, ಮೂರೂ ಕಡೆ ಸರ್ವರಿನ ವೆಬ್ ಫೋಲ್ಡರಿಗೆ ಸುರಿದು ಬರುತ್ತಿದ್ದೆ. ನಾನು ವಾಪಸು ಬಂದ ಮೇಲೆ ಅವರವರು ತಮಗೆ ತೋಚಿದ್ದನ್ನು ತಿದ್ದಿಕೊಳ್ಳುತ್ತಿದ್ದರು. ಕೊಳ್ಳೇಗಾಲದ ಫೋಲ್ಡರಿನ ಹೆಸರು ‘ಫೈನಲ್’, ಯಳಂದೂರಿನದು ‘ಫೈನಲ್ ನ್ಯೂ’, ಹನೂರಿನದು ‘ಫೈನಲ್ ನ್ಯೂ ಒರಿಜಿನಲ್’. ಚೀಟಿ ಮುದ್ರಿಸಲು ಒಂದು ಲೈಬ್ರರಿ ಬೇಕು. ಲೈಬ್ರರಿ ಎಂದರೆ ಯಾರೋ ಪುಣ್ಯಾತ್ಮರು ಬರೆದಿಟ್ಟ, ನಾವೆಲ್ಲ ಎತ್ತಿಕೊಂಡು ಬಳಸುವ ಕೋಡು. ಅದೂ ಮೂರು ಕಡೆ ಮೂರು ತರಹ. ಒಂದೂರಿನಲ್ಲಿ ಚೀಟಿ ಅಂಗೈಯಗಲ ಬಂದರೆ ಇನ್ನೊಂದೂರಿನಲ್ಲಿ ಮದುವೆಯ ಕರೆಯೋಲೆಯಷ್ಟು ಬರುತ್ತಿತ್ತು.

ಇದಕ್ಕೆಲ್ಲ ಪ್ಯಾಕೇಜೇ ಮದ್ದು ಎಂದು ತೀರ್ಮಾನಿಸಿದೆ. ಪ್ಯಾಕೇಜ್ ಎಂದರೆ ಒಂದು ಗಂಟು. ಒಂದು ಆಜ್ಞೆ ಕೊಟ್ಟು ಎಂಟರ್ ಒತ್ತಿದರೆ ಗಂಟು ತಾನೇ ಬಿಚ್ಚಿಕೊಂಡು ಒಂದೊಂದು ಫೈಲೂ ಅದರದರ ಜಾಗಕ್ಕೆ ಹೋಗಿ ಕೂರುತ್ತದೆ. ಮುಂದೆ ಹೊಸ ಗಂಟು ಬಂದಾಗ ಹಳೆಯ ಫೈಲುಗಳನ್ನು ಎಬ್ಬಿಸಿ ಹೊಸವು ಕೂರುತ್ತವೆ. ಯಾವುದು ಎಲ್ಲಿ ಕೂರಬೇಕು ಎಂಬುದಕ್ಕೆ ನಿಯಮಗಳಿವೆ. ಅವನ್ನು ನಾನು ಶ್ರದ್ಧೆಯಿಂದ ಓದಿದೆ. ನಾನು ಹುಟ್ಟಿದ ಮನೆಯಲ್ಲಿ ರಾಗಿಕಲ್ಲು ತೊಟ್ಟಿಯ ಅಂಗಳದಲ್ಲಿರುತ್ತಿತ್ತು, ಯಾರು ಬೇಕಾದರೂ ಬೀಸಿಕೊಳ್ಳಬಹುದಿತ್ತು; ಸೊಸೆಯಂದಿರ ಟ್ರಂಕು ಮಾತ್ರ ಅವರವರ ಕೋಣೆಯಲ್ಲಿ. ನಿಯಮವೂ ಹಾಗೆಯೇ. ಹತ್ತಾರು ಪ್ರೋಗ್ರಾಮುಗಳಿಗೆ ಬೇಕಾಗುವ ಪಿಎಚ್‌ಪಿ ಲೈಬ್ರರಿಗೆ ಎಲ್ಲರೂ ಕೈಹಾಕಬಹುದಾದ ಒಂದು ಸಾಮಾನ್ಯ ಡೈರೆಕ್ಟರಿ. ವೆಬ್ ಅಪ್ಲಿಕೇಶನ್ನಿಗೆ ಅದರದೇ ಹೆಸರಿನ ಬೇರೆ ಡೈರೆಕ್ಟರಿ. ಆಯಾ ಕಚೇರಿಯ ಸೆಟ್ಟಿಂಗ್ ಇನ್ನೊಂದು ಕಡೆ, ಕಚೇರಿಯವರು ತುಂಬಿದ ಮಾಹಿತಿ ಮತ್ತೊಂದು ಕಡೆ. ಅಪ್ಲಿಕೇಶನ್ನಿನ ಡೈರೆಕ್ಟರಿ ಪ್ಯಾಕೇಜಿನ ಸ್ವತ್ತು. ಅಲ್ಲಿ ಬೇರೆಯವರು ಏನು ತಿದ್ದಿದರೂ ಮುಂದಿನ ಅಪ್‌ಡೇಟಿನಲ್ಲಿ ಅಳಿಸಿಹೋಗುತ್ತದೆ. ಇದನ್ನೆಲ್ಲ ಓದಿ ಮುಗಿಸಿದ ದಿನ ನನಗೆ ದೀಕ್ಷೆ ಸಿಕ್ಕಷ್ಟು ಸಂತೋಷವಾಯಿತು. ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಈ ಜ್ಞಾನ ಹೊತ್ತುಕೊಂಡು ಮೊದಲು ಹೋದದ್ದು ಯಳಂದೂರಿಗೆ. ಅಲ್ಲಿನ ಮ್ಯಾನೇಜರ್ ನಾನು ಕೀಬೋರ್ಡ್ ಮುಟ್ಟುವ ಮೊದಲೇ ಎಚ್ಚರಿಸಿದರು.

“ಸಾ, ಡಿ ಡ್ರೈವ್‌ಗೆ ಆಕಿ. ಸಿ ಡ್ರೈವ್‌ಗೆ ಮಾತ್ರ ಬ್ಯಾಡಿ. ಫಾರ್ಮ್ಯಾಟ್ ಮಾಡ್ದಾಗ ಎಲ್ಲಾ ಒಂಟೋಯ್ತದೆ.”

“ಇದು ವಿಂಡೋಸ್ ಅಲ್ಲ, ಲಿನಕ್ಸ್. ಇದರಲ್ಲಿ ಸಿ ಡ್ರೈವೂ ಇಲ್ಲ, ಡಿ ಡ್ರೈವೂ ಇಲ್ಲ.”

“ಡಿ ಇಲ್ದೆ ಇರೋ ಕಂಪ್ಯೂಟರು ಎಂಗ್ ಸಾ ನಡೀತದೆ?”

ಗಂಟಲು ಒಣಗುವ ತನಕ ವಿವರಿಸಿದೆ. ಕೊನೆಗೆ ಡೆಸ್ಕ್‌ಟಾಪಿನ ಮೇಲೆ ‘ಡಿ’ ಎಂಬ ಹೆಸರಿನ ಖಾಲಿ ಫೋಲ್ಡರೊಂದನ್ನು ಮಾಡಿಕೊಟ್ಟೆ. ಅವರ ಮುಖ ಅರಳಿತು, ಕಾಫಿ ತರಿಸಿದರು. ಆ ಫೋಲ್ಡರ್ ಇವತ್ತಿಗೂ ಖಾಲಿಯಾಗಿದೆ, ಅವರು ಇವತ್ತಿಗೂ ನೆಮ್ಮದಿಯಾಗಿದ್ದಾರೆ.

ಹನೂರಿನ ಕಥೆ ಇಷ್ಟು ಸುಲಭವಾಗಿ ಮುಗಿಯಲಿಲ್ಲ. ಸಂಘದ ಅಧ್ಯಕ್ಷರು ಹನೂರಿನವರು. ಹೊಲ ತೋಟ ಇರುವ ಕುಳ, ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಶರಟು. ಪ್ಯಾಕೇಜ್ ಹಾಕಿ ಚೀಟಿ ಮುದ್ರಿಸಿ ತೋರಿಸಿದೆ. ಅವರು ಚೀಟಿಯನ್ನು ನೋಡಲೇ ಇಲ್ಲ, ಪರದೆಯನ್ನು ನೋಡಿದರು.

“ಎಲ್ಲಾ ಚೆನ್ನಾಗದೆ ಸಾ. ಆದ್ರ ಮ್ಯಾಲೆ ಬೋಳು ಬೋಳಾಗದಲ್ಲ. ಒಂದು ಮಾದಪ್ಪನ ಪಟ ಆಕ್ಬುಡಿ.”

ನಮ್ಮ ಕಡೆ ಯಾವ ಅಂಗಡಿಗೆ, ಯಾವ ಹಿಟ್ಟಿನ ಗಿರಣಿಗೆ ಹೋದರೂ ಗಲ್ಲಾಪೆಟ್ಟಿಗೆಯ ಮೇಲೆ ಹುಲಿಯ ಮೇಲೆ ಕುಳಿತ ನಮ್ಮ ಬೆಟ್ಟದ ದೇವರು ಮಾದಪ್ಪನ ಪಟ ಇರುತ್ತದೆ, ಅದಕ್ಕೊಂದು ಕೆಂಪು ಬಲ್ಬು. ಕಂಪ್ಯೂಟರ್ ಪರದೆಗೆ ಆ ಭಾಗ್ಯ ಏಕಿರಬಾರದು ಎಂಬುದು ಅವರ ನ್ಯಾಯವಾದ ಪ್ರಶ್ನೆ. ಆದರೆ ನನಗೆ ಆಗಷ್ಟೇ ದೀಕ್ಷೆಯಾಗಿತ್ತು. “ಇದು ತೂಕದ ಪ್ರೋಗ್ರಾಂ, ಭಜನೆಯದಲ್ಲ. ಮೂರೂ ಕಚೇರಿಗೆ ಒಂದೇ ಪ್ಯಾಕೇಜು. ಒಬ್ಬೊಬ್ಬರಿಗೆ ಒಂದೊಂದು ಪಟ ಹಾಕಲು ಆಗುವುದಿಲ್ಲ” ಎಂದು ಮುಖಕ್ಕೆ ಹೊಡೆದಂತೆ ಹೇಳಿ ಬಸ್ಸು ಹತ್ತಿದೆ. ನನ್ನ ಬಾಯಿ ಮೊದಲಿನಿಂದಲೂ ಹೀಗೇ.

ಅಧ್ಯಕ್ಷರು ಅಷ್ಟಕ್ಕೇ ಬಿಡುವವರಲ್ಲ. ಕಚೇರಿಯ ಆಪರೇಟರಿಗೆ, “ನೀನೇ ಆಕವ್ವ” ಎಂದರು. ಆಕೆ ಬಂಡಳ್ಳಿಯವಳು, ಮೂವತ್ತೈದರ ಆಸುಪಾಸಿನ ಹೆಂಗಸು, ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಗಂಡ ಕಬ್ಬಿನ ಕಾಲದಲ್ಲಿ ಕುಂತೂರಿನ ಸಕ್ಕರೆ ಕಾರ್ಖಾನೆಗೆ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಕಬ್ಬು ಮುಗಿದರೆ ಮನೆ ನಡೆಯುವುದು ಆಕೆಯ ಸಂಬಳದಲ್ಲಿ. ಆ ಕೆಲಸವೂ ಗುತ್ತಿಗೆಯದು. ವರ್ಷಕ್ಕೊಮ್ಮೆ ಸಂಘದ ಸಭೆ ‘ಮುಂದುವರಿಯಲಿ’ ಎಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಂಥವಳು ಅಧ್ಯಕ್ಷರ ಮಾತಿಗೆ ಆಗುವುದಿಲ್ಲ ಎನ್ನುತ್ತಾಳೆಯೇ? ಅಪ್ಲಿಕೇಶನ್ನಿನ ಡೈರೆಕ್ಟರಿ ಹುಡುಕಿ, ಅದರಲ್ಲಿ ಪಟ ಇಟ್ಟು, ಮುಖಪುಟದ ಫೈಲು ತೆರೆದು, ‘ಈ ಪಟ ತೋರಿಸು’ ಎಂಬ ಸಾಲನ್ನು ಸೇರಿಸಿದಳು. ಪರದೆಯ ನೆತ್ತಿಯ ಮೇಲೆ ಮಾದಪ್ಪ ಬಂದ. ಜೋಳ ತಂದಿದ್ದ ರೈತರೊಬ್ಬರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರಂತೆ. ಅಧ್ಯಕ್ಷರು ಊದುಬತ್ತಿ ಹಚ್ಚಿ ಮಾನಿಟರಿನ ಸಂದಿಗೆ ಸಿಕ್ಕಿಸಿದರಂತೆ.

ಮುಂದಿನ ತಿಂಗಳು ನಾನು ಸಣ್ಣದೊಂದು ತಿದ್ದುಪಡಿ ಮಾಡಿ ಹೊಸ ಪ್ಯಾಕೇಜ್ ಕಳುಹಿಸಿದೆ. ಆಕೆ ನಾನು ಹೇಳಿಕೊಟ್ಟಂತೆಯೇ ಎಂಟರ್ ಒತ್ತಿದಳು. ಅರ್ಧ ನಿಮಿಷದಲ್ಲಿ ನನಗೆ ಆಕೆಯ ಫೋನು ಬಂತು.

“ಸಾ, ಮಾದಪ್ಪ ಒಂಟೋದ!”

ವಿಷಯ ತಿಳಿದು ನಾನು ಕೂಗಾಡಿದೆ. ಪ್ಯಾಕೇಜಿನ ಡೈರೆಕ್ಟರಿಗೆ ಕೈ ಹಾಕಲು ಹೇಳಿದವರು ಯಾರು? ಮುಖಪುಟದ ಫೈಲು ಹೊಸದಾಗಿ ಬಂದು ಕೂತಿತು, ನೀವು ಬರೆದ ಸಾಲು ಹೋಯಿತು, ಇದರಲ್ಲಿ ಆಶ್ಚರ್ಯ ಏನು? ಪಟದ ಫೈಲು ಮಾತ್ರ ಆ ಡೈರೆಕ್ಟರಿಯಲ್ಲೇ ಭದ್ರವಾಗಿತ್ತು. ತೋರಿಸು ಎಂದು ಹೇಳುವವರು ಇರಲಿಲ್ಲ, ಅಷ್ಟೇ. ಆಕೆ ಎಲ್ಲಕ್ಕೂ ‘ಊ ಸಾ, ಊ ಸಾ’ ಎಂದು ಫೋನಿಟ್ಟು, ಅಧ್ಯಕ್ಷರ ಒತ್ತಾಯಕ್ಕೆ ಮತ್ತೆ ಅಲ್ಲೇ ಸಾಲು ಸೇರಿಸಿದಳು. ಅದರ ಮುಂದಿನ ಅಪ್‌ಡೇಟು ಸೋಮವಾರ ಬಂತು. ಮಾದಪ್ಪನ ವಾರವೇ ಮಾದಪ್ಪ ಮತ್ತೆ ಮಾಯವಾದ. ನಾನು ನೂರಕ್ಕೆ ನೂರು ಸರಿಯಾಗಿದ್ದೆ. ಇಷ್ಟು ಸರಿಯಾಗಿದ್ದಾಗ ಮನುಷ್ಯನಿಗೆ ಸಿಗುವ ಸುಖವೇ ಬೇರೆ, ಅದನ್ನು ಒಂದು ವಾರ ಅನುಭವಿಸಿದೆ.

ಆಮೇಲೆ ಪ್ರಿಂಟರಿನಲ್ಲಿ ಅಕ್ಷರ ಮಸುಕಾಗಿ ಬರುತ್ತಿದೆ ಎಂದು ಕರೆ ಬಂತು, ಹನೂರಿಗೆ ಹೋದೆ. ಕಚೇರಿ ಮುಂದೆ ಜೋಳದ ಮೂಟೆಗಳ ಸಾಲು. ಆಕೆ ಕುರ್ಚಿಯಲ್ಲಿ ಕೂತು ತೂಕ ತುಂಬುತ್ತಾಳೆ. ತುಂಬಿ ಮುಗಿದ ಕೂಡಲೇ ಎದ್ದು ನಿಲ್ಲುತ್ತಾಳೆ. ಬಾಗಿಲಲ್ಲಿದ್ದ ವಾಚ್‌ಮನ್ ಒಳಗೆ ಬಂದು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಎಂಟರ್ ಒತ್ತಿ ಹೋಗುತ್ತಾನೆ. ಚೀಟಿ ಬರುತ್ತದೆ. ಆಕೆ ಮತ್ತೆ ಕೂರುತ್ತಾಳೆ. ಹೀಗೆ ಪ್ರತಿ ಮೂಟೆಗೂ.

“ಇದೇನಮ್ಮ ಇದು?” ಎಂದೆ.

ಆಕೆ ತಲೆಯೆತ್ತದೆ ಮುಂದಿನ ಮೂಟೆಯ ತೂಕ ತುಂಬತೊಡಗಿದಳು. ಸಾಲಿನಲ್ಲಿದ್ದ ರೈತರೊಬ್ಬರು ಉತ್ತರ ಕೊಟ್ಟರು. “ಆ ಯಮ್ಮನ ಕೈಗುಣ ಸರ್ಯಾಗಿಲ್ಲ ಕಣ್ರಿ. ಎಲ್ಡು ಕಿತ ಒತ್ತುದ್ರು, ಎಲ್ಡು ಕಿತಾನೂ ಮಾದಪ್ಪ ಒಂಟೋದ. ನಮ್ ಜ್ವಾಳ ಒಂಟೋದ್ರ ಏನ್ ಮಾಡನ?”

ಕೈಗುಣ ಎಂದರೆ ನಮ್ಮ ಕಡೆ ತಮಾಷೆಯಲ್ಲ. ಒಬ್ಬರ ಕೈ ಮುಟ್ಟಿದ್ದು ಹೆಚ್ಚುತ್ತದೆ, ಇನ್ನೊಬ್ಬರದು ಮುಟ್ಟಿದರೆ ಬತ್ತುತ್ತದೆ. ಯಾವ ಡಾಕ್ಟರ ಹತ್ತಿರ ಹೋಗಬೇಕು, ಯಾರ ಕೈಯಲ್ಲಿ ಸಸಿ ನೆಡಿಸಬೇಕು ಎಂಬುದೆಲ್ಲ ಅದರ ಮೇಲೆಯೇ ತೀರ್ಮಾನವಾಗುವುದು. ಬಂಡಳ್ಳಿಯಲ್ಲಿ ಅದುವರೆಗೆ ಈಕೆಯದು ಒಳ್ಳೆಯ ಕೈ ಎಂದು ಹೆಸರಿತ್ತಂತೆ. ಬಿತ್ತನೆಯ ಮೊದಲ ಹಿಡಿ ಬೀಜಕ್ಕೆ ಆಕೆಯನ್ನು ಕರೆಯುತ್ತಿದ್ದರಂತೆ. ಆ ವರ್ಷ ಯಾರೂ ಕರೆದಿರಲಿಲ್ಲ. ಪ್ರಿಂಟರ್ ಬಿಚ್ಚುತ್ತಿದ್ದ ನನ್ನ ಪಕ್ಕಕ್ಕೆ ಬಂದು ಆಕೆ ಮೆಲ್ಲಗೆ ಹೇಳಿದಳು:

“ಸಭೆಗೆ ಇನ್ನು ಸ್ವಲ್ಪ ದಿನ ಅದೆ ಸಾ. ಈ ಸಲ ನನ್ನ ತೆಗೀತಾರೆ ಅಂತ ವಾಚ್‌ಮನ್ನೇ ಏಳ್ದ. ನೀವು ಒಂದು ದಾರಿ ಮಾಡ್ಕೊಡಿ.”

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. ನಿಯಮ ನನ್ನ ಕಡೆಗಿತ್ತು, ತರ್ಕ ನನ್ನ ಕಡೆಗಿತ್ತು, ಮತ್ತು ಬೇರೆಯವನು ಎಂಟರ್ ಒತ್ತಲೆಂದು ಒಬ್ಬ ಹೆಂಗಸು ದಿನಕ್ಕೆ ನೂರಾರು ಸಲ ಕುರ್ಚಿಯಿಂದ ಏಳುತ್ತಿದ್ದಳು.

ಅಂಗಡಿಗೆ ಬಂದು ಕೂತು, ಮಾದಪ್ಪನಿಗೆ ಒಂದು ನ್ಯಾಯವಾದ ಜಾಗ ಹುಡುಕಲು ತೊಡಗಿದೆ. ಮಾದಪ್ಪ ಲೈಬ್ರರಿಯೇ? ಎಲ್ಲರಿಗೂ ಬೇಕಾದವನು, ಎಲ್ಲರೂ ಕರೆಯುವವನು, ಆ ಲೆಕ್ಕದಲ್ಲಿ ಹೌದು. ಆದರೆ ಲೈಬ್ರರಿ ಎಂದರೆ ಪಿಎಚ್‌ಪಿ ಕೋಡಾಗಿರಬೇಕು. ಅಪ್ಲಿಕೇಶನ್ನಿನ ಭಾಗವೇ? ಹಾಗೆ ಮಾಡಿದರೆ ಯಳಂದೂರಿನಲ್ಲೂ ಮಾದಪ್ಪನೇ ಬರುತ್ತಾನೆ, ಅಲ್ಲಿನ ಮ್ಯಾನೇಜರ್ ಬಿಳಿಗಿರಿ ರಂಗಪ್ಪನ ಒಕ್ಕಲು, ಸುಮ್ಮನಿರುತ್ತಾರೆಯೇ? ಬರೀ ಸೆಟ್ಟಿಂಗೇ? ದೇವರನ್ನು ಸೆಟ್ಟಿಂಗ್ ಎಂದು ಅಧ್ಯಕ್ಷರ ಮುಂದೆ ಹೇಳುವ ಧೈರ್ಯ ನನಗಿರಲಿಲ್ಲ. ಎರಡು ದಿನ ಯೋಚಿಸಿ ನ್ಯಾಯ ತೀರಿಸಿದೆ. ಪಟ ಆಯಾ ಕಚೇರಿಯ ಸ್ವಂತ ಆಸ್ತಿ. ಅದು ಕಚೇರಿಯ ಮಾಹಿತಿ ಇರುವ ಡೈರೆಕ್ಟರಿಯಲ್ಲಿ ಕೂರಲಿ. ಯಾವ ಪಟ ಎಂಬುದನ್ನು ಸೆಟ್ಟಿಂಗ್ ಫೈಲು ಹೇಳಲಿ. ಮುಖಪುಟ ಅದನ್ನು ಕೇಳಿ ತೋರಿಸಲಿ. ಈ ಎರಡು ಜಾಗಗಳನ್ನೂ ಅಪ್‌ಡೇಟು ಮುಟ್ಟುವುದಿಲ್ಲ. ಭಜನೆಗೂ ತೂಕಕ್ಕೂ ಸಂಬಂಧವಿಲ್ಲ ಎಂದಿದ್ದವನು ಭಜನೆಗೆಂದೇ ಐವತ್ತು ಸಾಲು ಕೋಡು ಬರೆದೆ.

ಹನೂರಿಗೆ ಹೋಗಿ ಅಧ್ಯಕ್ಷರನ್ನೂ ಸಾಲಿನಲ್ಲಿದ್ದ ರೈತರನ್ನೂ ಕರೆದು ಪರದೆಯ ಮುಂದೆ ನಿಲ್ಲಿಸಿದೆ. ಹೊಸ ಪ್ಯಾಕೇಜನ್ನು ನಾನೇ ಹಾಕಿ, ಪಟವನ್ನು ಹೊಸ ಜಾಗದಲ್ಲಿ ಕೂರಿಸಿದೆ. ಆಮೇಲೆ ಇನ್ನೊಂದು ಅಪ್‌ಡೇಟು ತೆರೆದು, “ಈಗ ನೀನು ಒತ್ತಮ್ಮ” ಎಂದೆ.

ಆಕೆ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. “ನೀವೇ ಒತ್ತಿ ಸಾ.”

“ನೀನೇ ಒತ್ತಬೇಕು” ಎಂದು ಗದರಿದೆ.

ಕಣ್ಣು ಮುಚ್ಚಿಕೊಂಡು ಒತ್ತಿದಳು. ಒಂದಷ್ಟು ಸಾಲುಗಳು ಓಡಿದವು. ಮುಖಪುಟ ತೆರೆದೆ. ಮಾದಪ್ಪ ಹುಲಿಯ ಮೇಲೆ ಇದ್ದಂತೆಯೇ ಇದ್ದ. ಗೆದ್ದೆ ಎಂದುಕೊಂಡು ಅಧ್ಯಕ್ಷರ ಕಡೆ ತಿರುಗಿದೆ.

“ಭೇಷ್ ಸಾ!” ಎಂದು ಅವರು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ನೋಡುದ್ರೇನ್ರಪ್ಪಾ, ಎಂಥಾ ಕೈಗುಣ ಇವರ್ದು! ಪಕ್ಕದಲ್ಲಿ ನಿಂತಿದ್ಕೇ ಪಟ ನಿಂತ್ಕತು.”

ಒಂದು ಕಾಗದ ಎಳೆದುಕೊಂಡು ಲೈಬ್ರರಿಯ ಜಾಗ, ಅಪ್ಲಿಕೇಶನ್ನಿನ ಜಾಗ, ಮಾಹಿತಿಯ ಜಾಗ ಎಲ್ಲ ಬರೆದು ತೋರಿಸಿದೆ. ಅವರು ಗೌರವದಿಂದ, ಒಂದು ಸಲವೂ ನಡುವೆ ಬಾಯಿ ಹಾಕದೆ ಕೇಳಿದರು. ಎಲ್ಲ ಮುಗಿದ ಮೇಲೆ, “ಅದೆಲ್ಲಾ ಸರಿ ಸಾ. ಆದ್ರ ನಿಂತಿದ್ದೋರು ನೀವು ತಾನೇ?” ಎಂದರು. ಇನ್ನು ಮುಂದೆ ಪ್ರತಿ ಅಪ್‌ಡೇಟಿಗೂ ನೀವೇ ಬಂದುಬಿಡಿ, ನಿಮ್ಮ ಕೈ ಇರುವಾಗ ಇನ್ನೊಂದು ಕೈ ಯಾಕೆ ಎಂದೂ ಸೇರಿಸಿದರು. ಆಕೆ ಖಾಲಿ ಲೋಟಗಳನ್ನು ಎತ್ತಿಕೊಂಡು ಹೊರಗೆ ಹೋದಳು. ನಾನು ಆಕೆಗೆ ಸಹಾಯ ಮಾಡಲು ಬಂದು, ಆಕೆಯ ಕುರ್ಚಿಯಲ್ಲಿ ನಾನೇ ಕೂತಂತಾಗಿತ್ತು.

ಹಾಗಾದರೆ ನಾನು ಹೋಗಬಾರದು, ಅದೊಂದೇ ಉಳಿದ ದಾರಿ. ಮುಂದಿನ ಅಪ್‌ಡೇಟು ಬಂದಾಗ ಅಧ್ಯಕ್ಷರು ಫೋನ್ ಮಾಡಿದರು, ಅಂಗಡಿ ಬಿಟ್ಟು ಬರಲು ಆಗುವುದಿಲ್ಲ ಎಂದೆ. ಕಾರು ಕಳಿಸುತ್ತೇನೆ ಎಂದರು. ಸೊಂಟ ಹಿಡಿದುಕೊಂಡಿದೆ ಎಂದೆ. ಆಪರೇಟರಮ್ಮನೇ ಒತ್ತಲಿ, ಏನಾದರೂ ಆದರೆ ನನ್ನನ್ನು ಕೇಳಿ ಎಂದೆ. “ನೋಡನ ಬುಡಿ” ಎಂದು ಅವರು ಫೋನಿಟ್ಟರು. ನಾಲ್ಕು ದಿನ ಸುದ್ದಿಯೇ ಇಲ್ಲ. ಪ್ಯಾಕೇಜಿನಲ್ಲಿ ತಪ್ಪೇನೂ ಇಲ್ಲವೆಂದು ಗೊತ್ತಿದ್ದೂ ನನಗೆ ಅನ್ನ ಸೇರಲಿಲ್ಲ. ಒಂದು ಅಲ್ಪವಿರಾಮ ಆಚೀಚೆ ಆಗಿದ್ದರೂ ಆಕೆಯ ಕೆಲಸ ಹೋದಂತೆಯೇ.

ಐದನೆಯ ದಿನ ಅಧ್ಯಕ್ಷರ ಫೋನು. “ಸಾ, ಪಟ ಅದೆ! ಆ ಯವ್ವನೇ ಒತ್ತುದ್ಲು, ಮಾದಪ್ಪ ಅಳ್ಳಾಡ್ನಿಲ್ಲ!”

“ನಾನು ಹೇಳಲಿಲ್ಲವೇ? ಡೈರೆಕ್ಟರಿ...”

“ಅದ್ಕೂ ಮುಂಚೆ ಬೆಟ್ಟಕ್ಕೆ ಕರಕಂಡೋಗಿದ್ವಿ ಸಾ. ಧೂಪ ಆಕ್ಸಿ, ಎರಡೂ ಕೈಗೆ ಮಾದಪ್ಪನ ಧೂಳ್ತ ಬಳಿಸ್ಕಂಡು ಬಂದ್ವಿ. ಈಗ ಆ ಕೈ ಬಂಗಾರ ಕಣ್ರಿ.”

ಎರಡು ದಿನದ ಯೋಚನೆ, ಐವತ್ತು ಸಾಲು ಕೋಡು, ಓದಿದ ನಿಯಮಗಳು, ಎಲ್ಲವೂ ಒಂದು ಚಿಟಿಕೆ ವಿಭೂತಿಯಲ್ಲಿ ಕಲಸಿ ಹೋದವು. ನನಗೆ ತಡೆಯಲಾಗಲಿಲ್ಲ. ಸಂಘದ ಸಭೆಗೆ ನನ್ನನ್ನೂ ಕರೆದಿದ್ದರು. ಡೈರೆಕ್ಟರಿಗಳ ಚಿತ್ರವನ್ನು ದೊಡ್ಡ ಕಾಗದದಲ್ಲಿ ಮುದ್ರಿಸಿಕೊಂಡು ಹನೂರಿಗೆ ಹೊರಟೆ. ಈ ಹೆಂಗಸಿನ ಕೈಗೆ ಮೊದಲೂ ಏನೂ ಆಗಿರಲಿಲ್ಲ, ಈಗಲೂ ಏನೂ ಆಗಿಲ್ಲ, ಎಲ್ಲ ಫೈಲು ಎಲ್ಲಿದೆ ಎಂಬುದರ ಮೇಲೆ ಎಂದು ಎಲ್ಲರೆದುರು ಹೇಳಿಯೇ ಬಿಡುವುದು. ಬಸ್ಸಿನಲ್ಲಿ ಭಾಷಣವನ್ನು ಮನಸ್ಸಿನಲ್ಲೇ ಒಪ್ಪಿಸಿಕೊಂಡೆ.

ಸಭೆ ನಡೆಯುವ ಕಟ್ಟಡದ ಮೆಟ್ಟಿಲ ಹತ್ತಿರವೇ ಆಕೆ ನಿಂತಿದ್ದಳು. ಸುರುಳಿ ಸುತ್ತಿದ ಕಾಗದ ನೋಡಿದಳು. ನಾನು ವಿಷಯ ಹೇಳಿದೆ.

“ಬ್ಯಾಡಿ ಸಾ. ಏಳ್ಬ್ಯಾಡಿ.”

“ಯಾಕಮ್ಮ? ನಿನ್ನ ತಪ್ಪಿಲ್ಲ ಎಂದು ಎಲ್ಲರಿಗೂ ಗೊತ್ತಾಗಲಿ.”

“ಅದು ಡೈರೆಕ್ಟರಿ ಅಂತ ನಂಗೂ ಗೊತ್ತು. ಮೊದಲ್ನೇ ಸಲ ನೀವು ಬೈದಾಗ್ಲೇ ಗೊತ್ತಾಯ್ತು.” ಆಕೆ ಒಳಗೆ ಯಾರಿಗಾದರೂ ಕೇಳಿಸೀತೇ ಎಂದು ನೋಡಿಕೊಂಡು ದನಿ ತಗ್ಗಿಸಿದಳು. “ಡೈರೆಕ್ಟರಿ ಸರ್ಯಾಗದೆ ಅಂದ್ರ, ಯಾರ್ ಒತ್ತುದ್ರೂ ಆಯ್ತದೆ ಅಂತಾರೆ. ಅಧ್ಯಕ್ಷರ ತಮ್ಮನ ಸೊಸೆ ಕಂಪ್ಯೂಟರ್ ಕ್ಲಾಸ್ ಮುಗುಸ್ಕಂಡು ಕಾಯ್ತಾ ಕುಂತವ್ಳೆ. ಮಾದಪ್ಪ ಸರಿ ಮಾಡಿದ ಕೈ ಅಂದ್ರ, ನಾನೇ ಬೇಕು ಸಾ.”

ನಾನು ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡೆ. ಒಳಗೆ ಸಭೆ ನಡೆದು ಆಪರೇಟರ್ ವಿಷಯ ಬಂತು. ಅಧ್ಯಕ್ಷರು ಬೆಟ್ಟದ ಕಥೆಯನ್ನು ಮೊದಲಿನಿಂದ ಹೇಳಿ, “ಕಂಪ್ಯೂಟರಿನೋರು ಬಂದವ್ರೆ, ಅವರೇನ್ ಅಂತಾರೋ ಕೇಳನ” ಎಂದು ನನ್ನ ಕಡೆ ನೋಡಿದರು. ಎದ್ದು ನಿಂತೆ. ಆಕೆ ಬಾಗಿಲ ಪಕ್ಕ ಸೆರಗು ಬಿಗಿಹಿಡಿದು ನಿಂತಿದ್ದಳು.

“ಆ ಯಮ್ಮನ ಕೈಗುಣ ಒಳ್ಳೇದು. ಆ ಗುಂಡಿ ಬೇರೆ ಯಾರೂ ಒತ್ತಬಾರದು” ಎಂದು ಹೇಳಿ ಕೂತೆ.

ಸಭೆ ಒಮ್ಮೆಲೇ ತಲೆಯಾಡಿಸಿತು, ಆಕೆಯ ಕೆಲಸ ಮುಂದುವರಿಯಿತು. ಇಷ್ಟು ವರ್ಷಗಳಲ್ಲಿ ಆ ಸಂಘ ನನ್ನ ತಾಂತ್ರಿಕ ಸಲಹೆಯೊಂದನ್ನು ಮರುಮಾತಿಲ್ಲದೆ ಒಪ್ಪಿದ್ದು ಅದೊಂದೇ ಸಲ.